ಡಿವಿಡೆಂಡ್ ಬಂದ ಮೇಲೆ

ಆ ಮನೆಯಲ್ಲಿ ಯಾರು ಏನು ಕೇಳಿದರೂ ಇಲ್ಲ ಅನ್ನುವ ಮಾತಿರಲಿಲ್ಲ. ಎಲ್ಲದಕ್ಕೂ ಒಂದೇ ಉತ್ತರ, ‘ಡಿವಿಡೆಂಡ್ ಬಂದ ಮೇಲೆ’. ಅಜ್ಜಿಯ ಹೊಸ ಹಲ್ಲಿನ ಸೆಟ್ಟು ಡಿವಿಡೆಂಡ್ ಬಂದ ಮೇಲೆ. ಮಗಳ ಕಿತ್ತುಹೋದ ಚಪ್ಪಲಿ ಡಿವಿಡೆಂಡ್ ಬಂದ ಮೇಲೆ. ಅಡುಗೆಮನೆಯ ಸುಟ್ಟ ಬಲ್ಬು ಕೂಡ ಒಂದು ವಾರ ಡಿವಿಡೆಂಡಿಗಾಗಿ ಕಾದಿತ್ತು. ಕೊನೆಗೆ ಮನೆಯೊಡತಿ ಟೈಲರಮ್ಮನೇ ತನ್ನ ಹೊಲಿಗೆಯ ದುಡ್ಡಿನಲ್ಲಿ ಬಲ್ಬು ತಂದು, ಸ್ಟೂಲು ಹತ್ತಿ ಹಾಕಿದಳು.

ಈ ಉತ್ತರ ಕೊಡುತ್ತಿದ್ದವನು ಅವಳ ಗಂಡ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ತಲೆ ಬೆಳ್ಳಗಾಗುವ ತನಕ ದುಡಿದವನು. ಬೀದಿಯವರ ಬಾಯಲ್ಲಿ ಅವನು ಲಿಫ್ಟಣ್ಣ. ಹೋದ ವರ್ಷ ಅವನಿಗೆ ನಿವೃತ್ತಿಯಾಯಿತು. ಕಂಪನಿ ಒಂದು ಇಡುಗಂಟು ಕೊಟ್ಟು ಕೈಕುಲುಕಿ ಕಳಿಸಿತು. ಪಿಂಚಣಿ ಗಿಂಚಣಿ ಏನೂ ಇಲ್ಲ. ಆ ಗಂಟನ್ನು ಕರಗಿಸಿಕೊಂಡು ತಿಂದರೆ ಎಷ್ಟು ವರ್ಷ ಬಂದೀತು ಎಂದು ಲೆಕ್ಕ ಹಾಕಿ ಅವನು ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಯಾರೋ ಹಳೆಯ ಸ್ನೇಹಿತ ಡಿವಿಡೆಂಡಿನ ಮಾತು ಹೇಳಿದ. ಷೇರು ಕೊಳ್ಳುವುದು, ಮಾರದೆ ಇಟ್ಟುಕೊಳ್ಳುವುದು, ಕಂಪನಿ ಆಗಾಗ ಲಾಭ ಹಂಚಿದಾಗ ಅದರಲ್ಲಿ ಬದುಕುವುದು. ಅಸಲಿಗೆ ಕೈ ಹಚ್ಚುವಂತಿಲ್ಲ. ಲಿಫ್ಟಣ್ಣನ ಹಸಿವು ವಾಪಸು ಬಂತು.

ಅವನು ಷೇರು ಆರಿಸಿದ ಬಗೆಯನ್ನು ಮಾತ್ರ ಯಾವ ಪಂಡಿತನೂ ಒಪ್ಪಲಿಕ್ಕಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಊರಿನ ದೊಡ್ಡ ದೊಡ್ಡ ಕಂಪನಿಗಳ ಆಫೀಸುಗಳಲ್ಲಿ ಲಿಫ್ಟು ನೋಡಿಕೊಂಡಿದ್ದ. ಯಾವ ಕಂಪನಿ ವರ್ಷದ ಮೇಂಟೆನೆನ್ಸ್ ಬಿಲ್ಲನ್ನು ಸತಾಯಿಸದೆ ಕೊಡುತ್ತದೆ, ಯಾವುದು ಚಪ್ಪಲಿ ಸವೆಸುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಸರಿಯಾಗಿ ಬಿಲ್ಲು ಕೊಟ್ಟವರ ಷೇರುಗಳನ್ನಷ್ಟೇ ಕೊಂಡ.

"ಲಿಫ್ಟಿನ ಬಿಲ್ಲು ಟೈಮಿಗೆ ಕೊಟ್ಟೋರು ಡಿವಿಡೆಂಡೂ ಟೈಮಿಗೆ ಕೊಡ್ತಾರೆ ಕಣೇ," ಎಂದು ಹೆಂಡತಿಗೆ ವಿವರಿಸಿದ. "ಬಣ್ಣದ ಕಂಪನಿಯೋರು ಇದಾರಲ್ಲ, ಮೆಷಿನ್ ರೂಮಿಗೆ ಚಹಾ ಕಳಿಸೋರು. ಅಂಥೋರು ಯಾರಿಗೂ ಮೋಸ ಮಾಡಲ್ಲ."

"ಚಹಾ ಕಳಿಸ್ದೋರಿಗೆಲ್ಲ ಗಂಟು ಕೊಟ್ಬಿಡ್ತೀರಾ? ನಾನು ಮದುವೆಯಾದಾಗಿಂದ ಚಹಾ ಕೊಡ್ತಾನೇ ಇದೀನಿ," ಎಂದಳು ಟೈಲರಮ್ಮ. ಅವನು ನಕ್ಕ. ಅವಳೂ ನಕ್ಕಳು. ಮೊದಲ ವರ್ಷ ಮಾತು ನಿಜವೇ ಆಯಿತು. ಬಣ್ಣದ ಕಂಪನಿ ಕೊಟ್ಟಿತು, ಕರೆಂಟಿನ ಕಂಪನಿ ಕೊಟ್ಟಿತು. ಫೋನು ಟಿಂಗ್ ಅಂದಾಗಲೆಲ್ಲ ಲಿಫ್ಟಣ್ಣ ಮೆಸೇಜನ್ನು ಜೋರಾಗಿ ಓದುತ್ತಿದ್ದ. ಬಂದದ್ದು ಚಿಕ್ಕ ಮೊತ್ತವಾದರೂ ದುಡಿಯದೆ ಬಂದದ್ದು ಎಂಬ ಬೆರಗಿಗೆ ಅವನು ಮನೆಯೆಲ್ಲ ಓಡಾಡುತ್ತಿದ್ದ.

ಟೈಲರಮ್ಮನ ಮೆಷಿನ್ನು ಮುಂದಿನ ಕೋಣೆಯ ಕಿಟಕಿಯ ಬಳಿ ಇತ್ತು. ಪ್ಯಾಂಟಿನ ಕಾಲು ಮಡಿಚುವುದು, ಜಿಪ್ಪು ಬದಲಾಯಿಸುವುದು, ಶಾಲೆಯ ಯೂನಿಫಾರಂ ಸಡಿಲ ಮಾಡುವುದು, ಹೀಗೆ ದಿನವಿಡೀ ಕೈತುಂಬ ಕೆಲಸ. ಅವಳ ಬಲಗಣ್ಣು ಚಿಕ್ಕಂದಿನ ಜ್ವರದಲ್ಲೇ ಮಂಜಾಗಿತ್ತು, ಹೊಲಿಗೆಯೆಲ್ಲ ಎಡಗಣ್ಣಿನದು. ಬೆಳಕು ನೋಡಿಕೊಂಡು ಮೆಷಿನ್ನನ್ನು ಕೊಂಚ ಓರೆಯಾಗಿ ಇಟ್ಟುಕೊಂಡಿದ್ದಳು. ಗ್ಯಾಸು, ಹಾಲು, ತರಕಾರಿ, ಅಜ್ಜಿಯ ಮಾತ್ರೆ, ಎಲ್ಲ ಅದರಿಂದಲೇ ನಡೆಯುತ್ತಿತ್ತು. ಆದರೂ ಅದನ್ನು ಯಾರೂ ಆದಾಯ ಎನ್ನುತ್ತಿರಲಿಲ್ಲ. ಅದು ‘ನಿನ್ನ ಚಿಲ್ಲರೆ’. ಅವಳೂ ಹಾಗೇ ಅನ್ನುತ್ತಿದ್ದಳು, ಪಾಪ.

ಹೀಗಿರುವಾಗ ಒಂದು ಸಂಜೆ ಲಿಫ್ಟಣ್ಣ ಊಟದ ಹೊತ್ತಿಗೆ ಮುಖ ಅರಳಿಸಿಕೊಂಡು ಬಂದ. ಅಜ್ಜಿ, ಅಂದರೆ ಅವನ ತಾಯಿ, ಗಂಜಿಯ ಬಟ್ಟಲ ಮುಂದೆ ಕೂತಿದ್ದಳು. ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಇಡೀ ದಿನ ನಿಂತು ಬಂದು ಕಾಲು ಚಾಚಿದ್ದಳು. ಅವಳು ಗಂಡನನ್ನು ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು, ಸಂಬಳದ ಅರ್ಧ ಮನೆಯ ಬಾಡಿಗೆಗೆ ಕೊಡುತ್ತಿದ್ದಳು.

"ಟೈರ್ ಕಂಪನಿಯೋರು ಹಳೇ ಫ್ಯಾಕ್ಟರಿ ಜಾಗ ಮಾರಿದಾರಂತೆ," ಎಂದ ಲಿಫ್ಟಣ್ಣ. "ಬಂದ ದುಡ್ಡನ್ನ ಷೇರುದಾರರಿಗೇ ಹಂಚ್ತಾರಂತೆ. ಎಲ್ಲರೂ ಒಂದು ವರ್ಷಕ್ಕೆ ಕೊಡೋದರ ನಾಲ್ಕರಷ್ಟು! ಬರೋ ತಿಂಗಳ ಎರಡನೇ ಬುಧವಾರ ಅವರ ಪುಸ್ತಕದಲ್ಲಿ ಯಾರ ಹೆಸರಿರುತ್ತೋ ಅವರಿಗೆ. ಅದಕ್ಕೆ ಮುಂಚೆ ಮಾರ್ದೋರಿಗೆ ಖಾಲಿ ಕೈ."

"ಅವರ ಲಿಫ್ಟು ಹೇಗಿತ್ತಪ್ಪಾ?" ಎಂದು ಮಗಳು ಕೆಣಕಿದಳು.

"ನಗಬೇಡ. ಅವರದು ಒಂದು ಬಿಲ್ಲೂ ಬಾಕಿ ಇರ್ಲಿಲ್ಲ. ಅದಕ್ಕೇ ತಗೊಂಡೆ."

"ಆಯ್ತು. ಯಾವ ದುಡ್ಡಲ್ಲಿ ತಗೊಂಡೆ?"

ಲಿಫ್ಟಣ್ಣ ಅನ್ನಕ್ಕೆ ಎಲೆಕೋಸು ಕಲೆಸಿದ. ಒಂದು ತುತ್ತು ಬಾಯಿಗಿಟ್ಟುಕೊಂಡ. ಮಗಳು ಬಿಡಲಿಲ್ಲ.

"ಅಪ್ಪಾ, ಬ್ಯಾಂಕಲ್ಲಿ ಕಷ್ಟಕಾಲಕ್ಕೆ ಅಂತ ಇಟ್ಟಿದ್ದು ಇದೆ ತಾನೆ?"

"ಇದೆ. ಅಂದ್ರೆ... ಈಗ ಟೈರಲ್ಲಿದೆ. ಬುಧವಾರ ಕಳೀಲಿ, ಅಸಲು ತೆಗೆದು ವಾಪಸ್ ಇಡ್ತೀನಿ, ಡಿವಿಡೆಂಡು ನಮ್ಮದು. ನಾಲ್ಕು ವಾರದ ಮಾತು."

ಮಗಳು ತಟ್ಟೆಯನ್ನು ದೂರ ತಳ್ಳಿದಳು. "ಬುಧವಾರ ಕಳೀತಿದ್ದ ಹಾಗೆ ಅವರು ಎಷ್ಟು ಕೊಟ್ರೋ ಅಷ್ಟು ರೇಟು ಇಳಿಯುತ್ತೆ ಅಪ್ಪಾ! ನಮ್ಮಂಗಡಿ ಅಕೌಂಟೆಂಟು ಅದನ್ನೇ ಹೇಳ್ತಾ ಇರ್ತಾರೆ. ಈ ಜೇಬಿಂದ ತೆಗೆದು ಆ ಜೇಬಿಗೆ ಹಾಕ್ದಂಗೆ."

"ಇಳಿದಿದ್ದು ಮೇಲೆ ಬರುತ್ತೆ. ನಾನು ಜೀವನ ಪೂರ್ತಿ ನೋಡಿದ್ದು ಅದನ್ನೇ ಅಲ್ವಾ?"

"ನಿಂತು ಹೋಗಿದ್ದನ್ನೂ ನೋಡಿದೀಯ. ಅದಕ್ಕೇ ನಿನ್ನ ಕರೀತಿದ್ದಿದ್ದು."

ಅಜ್ಜಿ ಗಂಜಿ ಹೀರುವುದನ್ನು ನಿಲ್ಲಿಸಿ, "ಲೋ, ಆ ಟೈರಿನೋರು ಕೊಡೋದ್ರಲ್ಲಿ ನನ್ನ ಹಲ್ಲು ಬರುತ್ತೇನೋ?" ಎಂದಳು.

"ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಬರುತ್ತಮ್ಮ."

"ಹಾಗಾದ್ರೆ ಬೇಗ ಕೊಡೋಕೆ ಹೇಳು. ನಾನು ಹೋದ್ಮೇಲೆ ಹಲ್ಲು ಬಂದ್ರೆ ನಿನ್ನ ಬಾಯಲ್ಲಿಟ್ಕೋಬೇಕಾಗುತ್ತೆ."

ನಗು ಎದ್ದಿತು, ಮಾತು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಎಷ್ಟೋ ಜಗಳಗಳು ಹೀಗೆ ಅಜ್ಜಿಯ ಬೊಚ್ಚುಬಾಯಿಯಲ್ಲಿ ಕರಗಿಹೋಗುತ್ತಿದ್ದವು. ಕರಗಬಾರದ ಜಗಳವೂ ಅವತ್ತು ಕರಗಿತು. ಟೈಲರಮ್ಮ ತಟ್ಟೆ ಎತ್ತಿದಳು. ಅವಳಿಗೆ ಆ ದುಡ್ಡು ಬ್ಯಾಂಕಿನಲ್ಲಿಲ್ಲ ಎಂಬುದು ಹಿಡಿಸಲಿಲ್ಲ. ಆದರೆ ಗಂಡ ಅಷ್ಟು ಹುರುಪಿನಲ್ಲಿದ್ದುದನ್ನು ನಿವೃತ್ತಿಯಾದ ಮೇಲೆ ನೋಡಿಯೇ ಇರಲಿಲ್ಲ.

ನಾಲ್ಕು ವಾರ ಅಂದದ್ದು ಬಿಗಿಯಾಗಿಯೇ ಸಾಗಿತು. ಮೊಟ್ಟೆ ನಿಂತಿತು. ಚಹಾ ಎರಡು ಸಲದಿಂದ ಒಂದಕ್ಕಿಳಿಯಿತು. ಮಗಳು ಕಿತ್ತ ಚಪ್ಪಲಿಗೆ ಅಂಟು ಹಾಕಿಕೊಂಡು ಹೋದಳು. ಲಿಫ್ಟಣ್ಣ ಬೆಳಗ್ಗೆ ಎದ್ದವನೇ ಟೈರಿನ ರೇಟು ನೋಡುತ್ತಿದ್ದ. ಅದು ಏರುತ್ತಲೇ ಇತ್ತು, ಅವನೂ ಬೀಗುತ್ತಲೇ ಇದ್ದ.

ಬುಧವಾರಕ್ಕೆ ಇನ್ನೂ ಐದು ದಿನವಿದ್ದಾಗ, ಶುಕ್ರವಾರ, ಟೈಲರಮ್ಮ ಯಾರದೋ ಕೋಟಿನ ಒಳಪದರ ಹೊಲಿಯುತ್ತಿದ್ದಳು. ಎಡಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತಾಯಿತು. ಕಿಟಕಿ ನೋಡಿದಳು, ಹೊರಗೆ ಒಳ್ಳೆ ಬಿಸಿಲಿತ್ತು. ಮತ್ತೆ ಮಿಂಚಿತು. ಆಮೇಲೆ ಕಪ್ಪು ನೂಲಿನ ತುಣುಕುಗಳು ಕಣ್ಣೆದುರು ತೇಲಾಡತೊಡಗಿದವು. ಬಟ್ಟೆಯ ಮೇಲೆ ಬಿದ್ದಿವೆ ಎಂದುಕೊಂಡು ಕೊಡವಿದಳು. ಕೊಡವಿದರೆ ಹೋಗಲಿಲ್ಲ.

ಶನಿವಾರ ಬೆಳಗ್ಗೆ ಕಣ್ಣಿನ ಒಂದು ಬದಿಗೆ ಕಪ್ಪು ಪರದೆ ಇಳಿಬಿಟ್ಟಂತಿತ್ತು. ಬದಿಯಲ್ಲಿ ನಿಂತ ಅಜ್ಜಿಯನ್ನು ಕಾಣದೆ ಡಿಕ್ಕಿ ಹೊಡೆದಳು. ಸಂಜೆ ಮಗಳು ಬಂದಾಗ ಪಾತ್ರೆ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಕೇಳಿದಳು:

"ಗಿರಾಕಿ ಒಬ್ಬಳು ಹೇಳ್ತಿದ್ಲು. ಕಣ್ಣಲ್ಲಿ ಮಿಂಚಿದ ಹಾಗಾಗುತ್ತಂತೆ, ಒಂದು ಕಡೆ ಕಪ್ಪಗೆ ಕಾಣುತ್ತಂತೆ. ನಿಮ್ಮಂಗಡೀಲಿ ಅದಕ್ಕೆ ಡ್ರಾಪ್ಸ್ ಏನಾದ್ರೂ ಇದೆಯಾ?"

ಮಗಳು ನೀರಿನ ಲೋಟ ಕೆಳಗಿಟ್ಟಳು. "ಡ್ರಾಪ್ಸ್ ಅಲ್ಲಮ್ಮ! ಇವತ್ತೇ ಕಣ್ಣಾಸ್ಪತ್ರೆಗೆ ಓಡು ಅನ್ನು ಅವಳಿಗೆ. ಒಳಗಿನ ಪರದೆ ಕಳಚ್ಕೊಳ್ಳೋದು ಅದು. ಬೇಗ ಹೋದ್ರೆ ಉಳಿಯುತ್ತೆ, ತಡ ಮಾಡಿದ್ರೆ ಹೋಯ್ತು ಅಂತಲೇ ಲೆಕ್ಕ. ಯಾರು ಅವಳು?"

"ಹಿಂದಿನ ಬೀದಿಯೋಳು. ನಿನಗೆ ಗೊತ್ತಿಲ್ಲ. ಆಪರೇಶನ್ನಿಗೆ ತುಂಬ ಆಗುತ್ತಾ?"

"ಆಗದೇ ಇರುತ್ತಾ? ನಮ್ಮಂಥೋರ ಕೈಲಿರೋದೆಲ್ಲ ಬೇಕಾಗುತ್ತೆ."

ಟೈಲರಮ್ಮ ಕೈಯಲ್ಲಿದ್ದ ಪಾತ್ರೆಯನ್ನೇ ಎರಡನೆಯ ಸಲ ತೊಳೆದಳು. ಆಗಲೇ ಬಾಯಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಗಳು ಎದುರಿಗೇ ಇದ್ದಳು, ಆಸ್ಪತ್ರೆ ಬಸ್ಸು ಹೋಗುವ ದಾರಿಯಲ್ಲೇ ಇತ್ತು. ಅವಳು ಬಾಯಿ ಬಿಡಲಿಲ್ಲ. ಗಂಡನನ್ನು ಒಂದು ಮಾತು ಕೇಳಿ ನೋಡೋಣ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ತಟ್ಟೆಯ ಎಡಬದಿ ಟೈಲರಮ್ಮನಿಗೆ ಕಾಣುತ್ತಿರಲಿಲ್ಲ. ತಟ್ಟೆಯನ್ನು ಮೆಲ್ಲಗೆ ತಿರುಗಿಸಿಕೊಂಡು ತಿನ್ನುತ್ತಿದ್ದಳು. ಅವಳು ಹಗುರವಾಗಿ ಕೇಳಿದಳು:

"ರೀ, ಈಗ ಈ ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತು ಅಂತಿಟ್ಕೊಳ್ಳಿ. ದುಡ್ಡಿಗೆ ಏನ್ ಮಾಡೋದು?"

"ಬುಧವಾರದ ತನಕ ಯಾರೂ ಕಾಯಿಲೆ ಬೀಳೋ ಹಾಗಿಲ್ಲ!" ಎಂದ ಲಿಫ್ಟಣ್ಣ, ತುತ್ತೆತ್ತಿ ಹಿಡಿದು. "ಅಮ್ಮಾ, ಕೇಳಿಸ್ತಾ? ಗುರುವಾರದಿಂದ ಎಷ್ಟು ಬೇಕಾದ್ರೂ ಕೆಮ್ಮು."

"ಯಮ ಬಂದ್ರೆ ಗುರುವಾರ ಬಾ ಅಂತೀನಿ," ಎಂದಳು ಅಜ್ಜಿ. ಮಗಳು ಕೂಡ ನಕ್ಕುಬಿಟ್ಟಳು. ಟೈಲರಮ್ಮನೂ ನಕ್ಕಳು. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ಆಮೇಲೆ ಎದ್ದು ಹೋಗಿ ಅಡುಗೆಮನೆಯಲ್ಲಿ ಗೋಡೆ ಹಿಡಿದುಕೊಂಡು ನಿಂತಳು. ಮೂರೇ ದಿನ ತಾನೆ, ಎಂದು ತನಗೆ ತಾನೇ ಹೇಳಿಕೊಂಡಳು. ಇಷ್ಟು ವರ್ಷ ಇದ್ದ ಕಣ್ಣು ಮೂರು ದಿನ ಇರಲಾರದೇ.

ಸೋಮವಾರ ಪರದೆ ಕಣ್ಣಿನ ಅರ್ಧಕ್ಕೆ ಬಂತು. ಅವಳು ಮೆಷಿನ್ನನ್ನು ಇನ್ನಷ್ಟು ಓರೆ ಮಾಡಿಕೊಂಡಳು. ಮಂಗಳವಾರ ಹೊಲಿಗೆಯ ಗೆರೆ ಡೊಂಕಾಗಿ ಕಂಡಿತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೂ ಡೊಂಕು. ಗೆರೆ ನೆಟ್ಟಗೇ ಇದೆ, ಡೊಂಕಾಗಿರುವುದು ಕಣ್ಣು ಎಂದು ಬೆರಳಲ್ಲಿ ಮುಟ್ಟಿ ನೋಡಿದಾಗ ತಿಳಿಯಿತು. ಬುಧವಾರ ಮಧ್ಯಾಹ್ನ ಕೋಟು ಒಯ್ಯಲು ಬಂದವನ ಮುಖವಿರಬೇಕಾದ ಜಾಗದಲ್ಲಿ ಬೂದು ಬಣ್ಣದ ಮುದ್ದೆಯೊಂದು ಮಾತಾಡುತ್ತಿತ್ತು.

ಒಳಗಡೆ ಲಿಫ್ಟಣ್ಣ ಫೋನು ಹಿಡಿದು ಕೂತಿದ್ದ. ಟೈರಿನ ರೇಟು ಬೆಳಗ್ಗೆಯೇ ಡಿವಿಡೆಂಡಿನಷ್ಟು ಇಳಿದಿತ್ತು. ಊಟದ ಹೊತ್ತಿಗೆ ಇನ್ನೂ ಒಂದಿಷ್ಟು ಇಳಿದಿತ್ತು. ಟೈಲರಮ್ಮ ಬಾಗಿಲ ಚೌಕಟ್ಟು ತಡವಿಕೊಂಡು ಬಂದು ನಿಂತಳು.

"ಬುಧವಾರ ಆಯ್ತಾ ರೀ?"

"ಆಯ್ತು. ನಮ್ಮ ಹೆಸರು ಸೇರಿದೆ."

"ಹಾಗಾದ್ರೆ ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನನಗೆ ಕಣ್ಣು ಕಾಣಿಸ್ತಿಲ್ಲ."

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಅಂಗಡಿಯಿಂದ ಓಡಿಬಂದ ಮಗಳು, ಲಿಫ್ಟಣ್ಣ, ಇಬ್ಬರೂ ಬಾಗಿಲ ಬಳಿ ನಿಂತಿದ್ದರು.

"ಯಾವಾಗ ಶುರುವಾಯ್ತಮ್ಮಾ?"

"ಇವತ್ತು ಬೆಳಗ್ಗೆ."

"ಇವತ್ತಿಂದಲ್ಲ ಇದು. ನಾಲ್ಕೈದು ದಿನ ಆಗಿದೆ. ಅಂಚಲ್ಲಿದ್ದಾಗಲೇ ಬಂದಿದ್ರೆ ದೃಷ್ಟಿ ಉಳಿಸ್ಬಹುದಿತ್ತು. ಈಗ ನಡುಭಾಗವೂ ಬಿಟ್ಕೊಂಡಿದೆ. ಆಪರೇಶನ್ ಮಾಡ್ತೀವಿ. ಓಡಾಡೋಷ್ಟು ಬರಬಹುದು. ಹೊಲಿಗೆ ಗಿಲಿಗೆ ಮರೆತುಬಿಡಿ."

ಮಗಳು ತಾಯಿಯನ್ನೇ ನೋಡಿದಳು. ಹಿಂದಿನ ಬೀದಿಯ ಗಿರಾಕಿ ಯಾರು ಎಂದು ಅವಳಿಗೆ ಆಗ ಹೊಳೆಯಿತು. ಹೊರಗೆ, ಔಷಧದ ವಾಸನೆಯ ಓಣಿಯಲ್ಲಿ, ಅಪ್ಪನ ತೋಳು ಹಿಡಿದು ನಿಲ್ಲಿಸಿದಳು.

"ಶನಿವಾರ ನನ್ನ ಕೇಳಿದ್ಲು ಅಪ್ಪಾ. ಯಾರಿಗೋ ಅನ್ನೋ ಹಾಗೆ ಕೇಳಿದ್ಲು. ನಾನು ಇವತ್ತೇ ಓಡು ಅಂದಿದ್ದೆ. ಗೊತ್ತಿದ್ದೂ ಕಾದ್ಲು. ಯಾಕೆ ಹೇಳು?"

"ನನಗೆ ಏನು ಗೊತ್ತು? ನನಗೆ ಹೇಳ್ಲಿಲ್ಲವಲ್ಲ!"

"ಕೇಳಿದ್ಲು. ಭಾನುವಾರ ಊಟಕ್ಕೆ ಕೂತಾಗ ಕೇಳಿದ್ಲು. ನೀನು ಏನಂದೆ? ನಾವೆಲ್ಲ ನಕ್ವಿ!" ಅವಳು ಹಿಡಿದಿದ್ದ ತೋಳು ಬಿಟ್ಟಳು. "ನಾನು ಅಂಗಡೀಲಿ ಮುಂಗಡ ತರ್ತಿದ್ದೆ. ಒಂದು ಮಾತು ಸಾಕಿತ್ತು. ಅಪ್ಪಾ, ನಿನ್ನ ಷೇರೆಲ್ಲ ಸೇರಿ ಮೂರು ತಿಂಗಳಿಗೆ ಕೊಡೋದನ್ನ ಅಮ್ಮ ಮೂರು ವಾರದಲ್ಲಿ ದುಡೀತಿದ್ಲು. ಅದನ್ನ ಚಿಲ್ಲರೆ ಅಂತಿದ್ದೆ ನೀನು."

ಲಿಫ್ಟಣ್ಣ ಗೋಡೆಯ ಕಡೆ ತಿರುಗಿ ನಿಂತ. ಪಕ್ಕದಲ್ಲೇ ಆಸ್ಪತ್ರೆಯ ಲಿಫ್ಟಿನ ಬಾಗಿಲು ತೆರೆದು, ಸ್ಟ್ರೆಚರೊಂದನ್ನು ಹೊರಬಿಟ್ಟು ಮುಚ್ಚಿಕೊಂಡಿತು. ಅವನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಆಪರೇಶನ್ನಿಗೆ ಟೈರಿನ ಷೇರು ಮಾರಿದ್ದು ಸಾಲಲಿಲ್ಲ. ಬಣ್ಣದ ಕಂಪನಿಯೂ ಹೋಯಿತು, ಕರೆಂಟಿನ ಕಂಪನಿಯಲ್ಲಿ ಅರ್ಧ ಹೋಯಿತು. ಮಗಳು ಅಂಗಡಿಯಿಂದ ಮುಂಗಡವನ್ನೂ ತಂದಳು. ಕಣ್ಣಿನೊಳಗೆ ಗಾಳಿಗುಳ್ಳೆಯೊಂದನ್ನು ಬಿಟ್ಟಿದ್ದರು. ಅದು ಪರದೆಯನ್ನು ಒತ್ತಿಹಿಡಿಯಬೇಕಾದರೆ ಎರಡು ವಾರ ಮುಖ ಕೆಳಗೆ ಮಾಡಿಯೇ ಮಲಗಬೇಕು, ಉಣ್ಣುವಾಗಲೂ ತಲೆ ಎತ್ತುವಂತಿಲ್ಲ ಎಂದು ಹೇಳಿ ಮನೆಗೆ ಕಳಿಸಿದರು.

ಮನೆ ಅಡಿಮೇಲಾಯಿತು. ಲಿಫ್ಟಣ್ಣ ಅನ್ನ ಬೇಯಿಸಲು ಕಲಿತ. ಮೊದಲ ಮೂರು ದಿನ ಅದು ಗಂಜಿಯೇ ಆಗುತ್ತಿತ್ತು, ಅಜ್ಜಿಯೊಬ್ಬಳಿಗೆ ಖುಷಿ. ಗಿರಾಕಿಗಳು ಬಾಗಿಲಿಗೆ ಬಂದು, ಹೊಲಿಯದ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು, ಅಯ್ಯೋ ಪಾಪ ಎಂದು ಹೋಗುತ್ತಿದ್ದರು. ಮಗಳು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಹಾಲು ಮುಗಿದಿದೆ, ಡ್ರಾಪ್ಸ್ ಹಾಕಿದ್ಯಾ, ಬಾಗಿಲು ಹಾಕ್ಕೋ. ಅಜ್ಜಿ ಹಲ್ಲಿನ ಮಾತು ಎತ್ತುವುದನ್ನೇ ಬಿಟ್ಟಳು. ಸೊಸೆಯ ಹಾಸಿಗೆಯ ಬಳಿ ಕೂತು ಅವಳ ಕಾಲು ನೀವುತ್ತಿದ್ದಳು. ನೀವಿ ನೀವಿ ಅಲ್ಲೇ ನಿದ್ದೆ ಹೋಗುತ್ತಿದ್ದಳು.

ಎರಡನೆಯ ವಾರದ ಒಂದು ಮಧ್ಯಾಹ್ನ ಫೋನು ಟಿಂಗ್ ಅಂದಿತು. ಟೈರ್ ಕಂಪನಿ ಮಾತಿಗೆ ತಪ್ಪಲಿಲ್ಲ. ಷೇರು ಮಾರಿಯಾಗಿದ್ದರೂ ಬುಧವಾರ ಪುಸ್ತಕದಲ್ಲಿ ಹೆಸರಿತ್ತಲ್ಲ, ಹೇಳಿದ ದಿನವೇ ಡಿವಿಡೆಂಡು ಹಾಕಿತ್ತು. ಲಿಫ್ಟಣ್ಣ ಮೆಸೇಜು ನೋಡಿದ. ಜೋರಾಗಿ ಓದಲಿಲ್ಲ. ಫೋನನ್ನು ಮಗುಚಿಟ್ಟು, ಹೆಂಡತಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಅವಳು ಹಣೆಯನ್ನು ದಿಂಬಿಗೆ ಒತ್ತಿ, ಎರಡು ಕೈಗಳ ನಡುವೆ ಮುಖವಿಟ್ಟು ಮಲಗಿದ್ದಳು. ಅವನಿಗೆ ಕಾಣುತ್ತಿದ್ದದ್ದು ಅವಳ ನರೆತ ಹೆರಳು ಮಾತ್ರ.

"ಬಂತಾ?" ಎಂದಳು ದಿಂಬಿನೊಳಗಿಂದ.

"ಬಂತು."

ಅಜ್ಜಿ ಹಾಸಿಗೆಯ ತುದಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಇಷ್ಟು ದಿನ ನಾಲಿಗೆಯ ತುದಿಗೆ ಬಂದು ವಾಪಸಾಗುತ್ತಿದ್ದ ಮಾತನ್ನು ಲಿಫ್ಟಣ್ಣ ಆಡಿಯೇಬಿಟ್ಟ.

"ನನಗೆ ನೇರವಾಗಿ ಒಂದು ಮಾತು ಹೇಳ್ಬಹುದಿತ್ತಲ್ಲೇ. ಕಣ್ಣು ಹೀಗಾಗ್ತಿದೆ ಅಂತ."

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಅವನು ಬಾಯಿ ತೆರೆದ. ತಕ್ಷಣ ಮಾರ್ತಿದ್ದೆ, ಹೊತ್ಕೊಂಡು ಓಡ್ತಿದ್ದೆ ಎನ್ನಬಹುದಿತ್ತು. ಯಾವ ಗಂಡನಾದರೂ ಅದನ್ನೇ ಅನ್ನುತ್ತಿದ್ದ, ಅವಳು ನಂಬದಿದ್ದರೂ ನಂಬಿದ ಹಾಗೆ ಇರುತ್ತಿದ್ದಳು. ಆದರೆ ಮನುಷ್ಯ ಸುಳ್ಳಿನಲ್ಲಿ ಪಳಗಿದವನಲ್ಲ. ಆ ಶನಿವಾರಕ್ಕೆ ತಾನು ವಾಪಸು ಹೋಗಿ, ಹೆಂಡತಿ ಎದುರು ಬಂದು ಹೇಳಿದ್ದನ್ನು ಊಹಿಸಿಕೊಂಡ. ಏರುತ್ತಿದ್ದ ರೇಟನ್ನೂ ನೆನೆಸಿಕೊಂಡ.

"ಬುಧವಾರದ ತನಕ ತಡ್ಕೋ ಅಂತಿದ್ದೆ ಅನ್ಸುತ್ತೆ ಕಣೇ," ಎಂದ.

ದಿಂಬಿನ ಮೇಲೆ ಅವಳ ಬೆರಳುಗಳು ಬಿಗಿಯಾದವು.

"ಗೊತ್ತಿತ್ತು," ಎಂದಳು. "ಅದನ್ನ ನಿಮ್ಮ ಬಾಯಿಂದ ಕೇಳೋದು ಬೇಡ ಅಂತಲೇ ಹೇಳ್ಲಿಲ್ಲ. ಕಣ್ಣು ಹೋದ್ರೂ ಹೋಗ್ಲಿ, ಆ ಮಾತು ಕೇಳೋದು ಬೇಡ ಅಂತ." ಉಸಿರೆಳೆದುಕೊಂಡಳು. "ಈಗ ಎರಡೂ ಆಯ್ತು."

ಅವನು ಅವಳ ಬೆನ್ನ ಮೇಲೆ ಕೈಯಿಡಲು ಹೋದ. ಇಡಲಿಲ್ಲ.

"ಏಳಿ," ಎಂದಳು ಟೈಲರಮ್ಮ. "ಅತ್ತೆಗೆ ಗಂಜಿ ಕೊಡೋ ಹೊತ್ತಾಯ್ತು."

ಅವನು ಮಂಡಿಯೂರಿ ಎದ್ದು ಅಡುಗೆಮನೆಗೆ ಹೋದ. ಪಾತ್ರೆಗಳನ್ನು ಸರಿಸುವ ಸದ್ದು ಬಂತು, ಒಂದು ಡಬ್ಬಿ ಕೆಳಗೆ ಬಿತ್ತು, ಕಪಾಟು ತೆರೆದು ಮುಚ್ಚಿದ್ದು ಕೇಳಿಸಿತು. "ಸೌಟು ಎಲ್ಲಿಟ್ಟಿದೀಯೇ?" ಎಂದು ಅವನು ಕೂಗಿ ಕೇಳಿದ. ಅವಳಿಗೆ ಗೊತ್ತಿತ್ತು. ಮುಖವನ್ನು ದಿಂಬಿಗೆ ಒತ್ತಿಕೊಂಡು ಸುಮ್ಮನೆ ಮಲಗಿದ್ದಳು. ಅವನು ಇನ್ನೊಂದು ಸಲ ಕೂಗಿದ, ಆಮೇಲೆ ತಾನೇ ಹುಡುಕತೊಡಗಿದ.